ಮಳೆಗಾಲದ ರಾಜಗಡ: ದುಡ್ಡು ಕಾಲಿಗೆ ಹಾಕಿ, ಉಳಿದದ್ದು ಮನೆಯಲ್ಲೇ ಇದೆ

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಆರು ವರ್ಷದಿಂದ ಪುಣೆಯ ವಾಕಡ್‌ನಲ್ಲಿ ಇದ್ದೇವೆ. ಜುಲೈ ಎರಡನೇ ಶನಿವಾರ ನಮ್ಮ ಸೊಸೈಟಿಯ ಮೂರು ಕನ್ನಡ ಕುಟುಂಬಗಳು ಸೇರಿ ಬೆಟ್ಟದ ಕೋಟೆ ರಾಜಗಡ ಹತ್ತಬೇಕು ಅಂದುಕೊಂಡಿದ್ದೇವೆ. ಬೆಳಗ್ಗೆ ಹೋಗಿ ಸಂಜೆ ವಾಪಸ್. ನನಗೆ 38, ಯಜಮಾನರಿಗೆ 42, ಮಗನಿಗೆ 12. ಸಿಂಹಗಡ ಬಿಟ್ಟರೆ ಬೇರೆ ಗಡ ನೋಡಿಲ್ಲ, ಅದಕ್ಕೂ ಹೋಗಿದ್ದು ಕಾರಿನಲ್ಲಿ. ಯಜಮಾನರು ಸಾಮಾನಿನ ಪಟ್ಟಿ ಮಾಡಿದ್ದಾರೆ. ಮೂವರಿಗೂ ವಾಟರ್‌ಪ್ರೂಫ್ ಶೂ, ಪಾಂಚೋ (ತಲೆಯಿಂದ ಇಳಿಬಿಡುವ ಅಗಲ ಮಳೆಕೋಟು), 50 ಲೀಟರ್ ಬ್ಯಾಗ್, ಊರಿಕೊಂಡು ನಡೆಯುವ ಕಾರ್ಬನ್ ಸ್ಟಿಕ್ ಎರಡೆರಡು, ಉಂಬಳ (ಜಿಗಣೆ) ಕಚ್ಚದ ಸಾಕ್ಸ್, ಕೈಗವಸು, ಕಂಪಾಸ್, ನೀರಿನ ಬ್ಲಾಡರ್ (ನಳಿಕೆಯಿಂದ ಹೀರಿ ಕುಡಿಯುವ ಚೀಲ). ಒಟ್ಟು 34,000 ರೂಪಾಯಿ! ಮಾವನವರು ನಗುತ್ತಾರೆ. "ನಾ ಆಳಂದಿಯಿಂದ ಪಂಢರಪುರಕ್ಕ ಚಪ್ಪಲಿ ಮ್ಯಾಲ ನಡದೀನಿ, ನಿಮಗ ಒಂದು ಗುಡ್ಡ ಹತ್ತಾಕ ಇಷ್ಟೆಲ್ಲ ಬೇಕೇನು?" ಅಂತಾರೆ. ನಿಜವಾಗಿ ಏನು ಬೇಕು, ಏನು ಬೇಡ?

ಉತ್ತರ: ಮಾವನವರು ನಗುವುದರಲ್ಲಿ ತಪ್ಪೇನಿಲ್ಲ. ವಾರಿಗೆ, ಅಂದರೆ ಪಂಢರಪುರದ ಪಾದಯಾತ್ರೆಗೆ, ಹೋಗುವ ವಾರಕರಿಗಳು ಇಪ್ಪತ್ತು ದಿನದ ಹತ್ತಿರ ನಡೆಯುತ್ತಾರೆ. ಹೆಗಲಿಗೆ ಒಂದು ಚೀಲ, ಮಳೆ ಬಂದರೆ ತಲೆ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ. ಅಷ್ಟರಲ್ಲೇ ವಿಠ್ಠಲನ ಹತ್ತಿರ ಹೋಗಿ ನಿಲ್ಲುತ್ತಾರೆ. ಆದರೆ ಅವರು ನಡೆಯುವುದು ಹೆಚ್ಚಾಗಿ ರಸ್ತೆ ಮೇಲೆ. ರಾಜಗಡದ ಕೊನೆಯ ಏರು ಇರುವುದು ಜುಲೈನಲ್ಲಿ ನೀರು ಇಳಿಯುತ್ತಿರುವ ಕರಿಬಂಡೆಯ ಮೇಲೆ. ಆ ಬಂಡೆಗೂ ಚಪ್ಪಲಿಗೂ ಆಗಿಬರುವುದಿಲ್ಲ. ವಾರಕರಿಗಳ ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಅದರ ಮಾತು ಬರುತ್ತದೆ.

ಇನ್ನು ಯಜಮಾನರ ಪಟ್ಟಿ. ಅದೇನೂ ಕೆಟ್ಟ ಪಟ್ಟಿಯಲ್ಲ, ಬೇರೆ ಊರಿನ ಪಟ್ಟಿ ಅಷ್ಟೇ. ಹಿಮಾಲಯಕ್ಕೆ ಹೊರಟವರು ಇಂಥದ್ದನ್ನು ಮಾಡುತ್ತಾರೆ. ಸಹ್ಯಾದ್ರಿಯ ಮಳೆಗಾಲದ ಲೆಕ್ಕ ಬೇರೆ. ಇಲ್ಲಿ ಜುಲೈನಲ್ಲಿ ಗಡ ಹತ್ತಿದ ಮೇಲೆ ನೀವು ಒದ್ದೆಯಾಗೇ ಆಗುತ್ತೀರಿ. ಮೂರು ಸಾವಿರದ ಜಾಕೆಟ್ ಹಾಕಿದರೂ ಸರಿ, ಹದಿಮೂರು ಸಾವಿರದ್ದು ಹಾಕಿದರೂ ಸರಿ. ಹೊರಗಿನಿಂದ ಮಳೆ ಬರದಿದ್ದರೆ ಒಳಗಿನಿಂದ ಬೆವರು ಬರುತ್ತದೆ. ಹಾಗಾಗಿ ಒಣಗಿರಬೇಕು ಅನ್ನುವ ಆಸೆಯನ್ನೇ ಮೊದಲು ಬಿಡಿ. ನೋಡಿಕೊಳ್ಳಬೇಕಾದದ್ದು ಎರಡೇ: ಕಾಲು ಜಾರಬಾರದು, ಮೈಗೆ ಚಳಿ ಹಿಡಿಯಬಾರದು. ಈ ಎರಡಕ್ಕೆ ಬೇಕಾದದ್ದನ್ನು ಕೊಳ್ಳಿ. ಉಳಿದದ್ದು ಮುಕ್ಕಾಲು ಪಾಲು ನಿಮ್ಮ ಮನೆಯಲ್ಲೇ ಇದೆ.

ಶೂ ವಿಷಯಕ್ಕೆ ಬರೋಣ. ಇದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ದುಡ್ಡು ಹೋಗಬೇಕಾದದ್ದು ಇಲ್ಲಿಗೇ.

ವಾಟರ್‌ಪ್ರೂಫ್ ಶೂ ಬೇಡ. ವಿಚಿತ್ರ ಅನ್ನಿಸಬಹುದು, ಮಳೆಗಾಲಕ್ಕೇ ಅಲ್ವಾ ಅದು? ಅಂಥ ಶೂ ಒಳಗೆ ಒಂದು ತೆಳುವಾದ ಪೊರೆ ಇರುತ್ತದೆ. ಹೊರಗಿನ ನೀರನ್ನು ಅದು ತಡೆಯುತ್ತದೆ, ನಿಜ. ಆದರೆ ರಾಜಗಡದ ದಾರಿಯಲ್ಲಿ ನೀರು ಶೂ ಪಕ್ಕದಿಂದ ಬರುವುದಿಲ್ಲ, ಮೇಲಿನಿಂದ ಬರುತ್ತದೆ. ಪ್ಯಾಂಟಿನಿಂದ ಇಳಿದು ಸಾಕ್ಸಿಗೆ, ಸಾಕ್ಸಿನಿಂದ ಶೂ ಒಳಗೆ. ದಾರಿಯಲ್ಲಿ ಹಳ್ಳ ಸಿಕ್ಕಿ ಪಾದ ಮುಳುಗಿದರೆ ಮುಗಿಯಿತು. ಒಳಗೆ ಹೋದ ನೀರಿಗೆ ಆ ಪೊರೆ ಹೊರಗೆ ಹೋಗಲು ದಾರಿ ಕೊಡುವುದಿಲ್ಲ. ದಿನವಿಡೀ ಎರಡು ಪುಟ್ಟ ಬಕೆಟ್‌ಗಳಲ್ಲಿ ಕಾಲಿಟ್ಟುಕೊಂಡು ನಡೆದ ಹಾಗೆ. ಚರ್ಮ ಮೆತ್ತಗಾಗಿ ಹಿಮ್ಮಡಿಯಲ್ಲಿ ಗುಳ್ಳೆ ಏಳುತ್ತದೆ. ಬಲೆಬಲೆಯಾಗಿರುವ ಮೇಲ್ಭಾಗದ ಸಾದಾ ಟ್ರೆಕಿಂಗ್ ಶೂ ಆದರೆ ಹಳ್ಳ ದಾಟಿ ಇಪ್ಪತ್ತು ಹೆಜ್ಜೆ ಇಡುವಷ್ಟರಲ್ಲಿ ನೀರೆಲ್ಲ ಚಿಮ್ಮಿ ಹೋಗುತ್ತದೆ. ಒದ್ದೆ ಇರುತ್ತದೆ, ಆದರೆ ಭಾರ ಇರುವುದಿಲ್ಲ. ವಾಟರ್‌ಪ್ರೂಫ್ ಬೇಕಾಗುವುದು ಹಿಮದ ಮೇಲೆ ನಡೆಯುವಾಗ. ಅದಕ್ಕೆ ಮನಾಲಿ ಕಡೆ ಹೋದಾಗ ನೋಡಿಕೊಳ್ಳಿ.

ಶೂನಲ್ಲಿ ಮೊದಲು ನೋಡಬೇಕಾದದ್ದು ಅಡಿ. ಅಂಗಡಿಯಲ್ಲಿ ಶೂ ತಲೆಕೆಳಗು ಮಾಡಿ ಹಿಡಿಯಿರಿ. ಮುಳ್ಳು ಮುಳ್ಳಾಗಿ ಎದ್ದ ಗಟ್ಟೆಗಳು ಆಳವಾಗಿರಬೇಕು, ಒಂದರಿಂದ ಒಂದು ದೂರವಿರಬೇಕು. ಹತ್ತಿರ ಹತ್ತಿರ ಇದ್ದರೆ ನಡುವೆ ಕೆಸರು ತುಂಬಿ ಅಡಿ ಸಪಾಟಾಗುತ್ತದೆ. ಆಮೇಲೆ ಒಂದು ಗಟ್ಟೆಗೆ ಹೆಬ್ಬೆರಳ ಉಗುರು ಒತ್ತಿ ನೋಡಿ. ಸ್ವಲ್ಪ ಒಳಕ್ಕೆ ಹೋಗಿ ವಾಪಸ್ ಬಂದರೆ ಅದು ರಬ್ಬರು. ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗಿ, ನುಣ್ಣಗೆ ಹೊಳೆಯುತ್ತಿದ್ದರೆ ಕೆಳಗಿಡಿ. ವಾಕಿಂಗಿಗೆ ಹಾಕುವ ರನ್ನಿಂಗ್ ಶೂ ಇದೇ ಕಾರಣಕ್ಕೆ ಬೇಡ. ಅದರ ಅಡಿಯಲ್ಲಿ ಬಹುಪಾಲು ಇರುವುದು ಫೋಮು, ಒದ್ದೆ ಕಲ್ಲಿನ ಮೇಲೆ ಸೋಪಿನ ಹಾಗೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಎಷ್ಟೇ ಒಳ್ಳೆ ಶೂ ಆಗಲಿ, ಪಾಚಿ ಕಟ್ಟಿದ ಬಂಡೆ ಮೇಲೆ ಹಿಡಿಯುವುದಿಲ್ಲ. ಅಂಗಡಿಯವನು ಏನೇ ಹೇಳಲಿ. ಹಸಿರಾಗಿ ಅಥವಾ ಎಣ್ಣೆ ಸವರಿದ ಹಾಗೆ ಕಪ್ಪಗೆ ಹೊಳೆಯುವ ಕಲ್ಲು ಕಂಡರೆ ಅದನ್ನು ಬಿಟ್ಟು ಪಕ್ಕದ ಒರಟು ಕಲ್ಲಿನ ಮೇಲೋ ಹುಲ್ಲಿನ ಬುಡದಲ್ಲೋ ಕಾಲಿಡಿ. ಹಿಮ್ಮಡಿ ಮೊದಲು ಊರಬೇಡಿ, ಪಾದ ಪೂರ್ತಿ ಇಡಿ. ಇದನ್ನು ಮಗನಿಗೆ ಮನೆಯಲ್ಲೇ ಹೇಳಿಕೊಡಿ, ಗಡದ ಮೇಲೆ ಹೇಳಿದರೆ ಕೇಳುವುದಿಲ್ಲ.

ಅಳತೆ ನೋಡುವುದಕ್ಕೆ ಸಂಜೆ ಹೊತ್ತು ಹೋಗಿ. ದಿನವೆಲ್ಲ ಓಡಾಡಿ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಗುಡ್ಡದ ಮೇಲೂ ಹಾಗೇ ಊದುತ್ತದೆ. ಚಾರಣಕ್ಕೆ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಲೇಸ್ ಸಡಿಲ ಮಾಡಿ, ಬೆರಳು ಮುಂದಕ್ಕೆ ತಾಗುವ ತನಕ ಪಾದ ತಳ್ಳಿ. ಆಗ ಹಿಮ್ಮಡಿಯ ಹಿಂದೆ ನಿಮ್ಮ ಒಂದು ತೋರುಬೆರಳು ಇಳಿಯಬೇಕು. ಇಳಿಯದಿದ್ದರೆ ಮುಂದಿನ ಸೈಜು ಕೇಳಿ. ಯಾಕೆ ಇಷ್ಟು ಜಾಗ ಅಂದರೆ, ಇಳಿಯುವಾಗ ಎರಡು ಗಂಟೆ ಹೊತ್ತು ಪಾದ ಮುಂದಕ್ಕೇ ಜಾರುತ್ತದೆ. ಜಾಗ ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಹೆಬ್ಬೆರಳು ಶೂ ಮೂತಿಗೆ ಗುದ್ದುತ್ತದೆ. ಉಗುರು ಕಪ್ಪಾಗುತ್ತದೆ, ಕೆಲವು ವಾರ ಆದ ಮೇಲೆ ಬಿದ್ದುಹೋಗಲೂಬಹುದು. ಹೊರಡುವ ಎರಡು ದಿನ ಮುಂಚೆ ಕಾಲುಗುರು ಕತ್ತರಿಸಿಕೊಳ್ಳಿ. ಬಿಟ್ಟಿ ಕೆಲಸ, ಆದರೂ ಹತ್ತರಲ್ಲಿ ಎಂಟು ಜನ ಮರೆಯುತ್ತಾರೆ.

ಯಾವ ಕಂಪನಿ ಅಂತ ಕೇಳುತ್ತೀರಿ, ಗೊತ್ತು. ಡೆಕಾಥ್ಲಾನ್‌ನ ಕೆಚುವಾ ಶೂಗಳಲ್ಲಿ ಕಡಿಮೆ ಬೆಲೆಯವು ಸಾಕು. ಇಲ್ಲಿನ ಮರಾಠಿ ಚಾರಣಿಗರು ವರ್ಷಗಳಿಂದ ಆ್ಯಕ್ಷನ್ ಕಂಪನಿಯ ಟ್ರೆಕಿಂಗ್ ಶೂ ಹಾಕುತ್ತಾರೆ. ನೋಡಲು ಅಷ್ಟೇನೂ ಚೆಂದವಿಲ್ಲ, ಬಂಡೆ ಮೇಲೆ ಮಾತ್ರ ಚೆನ್ನಾಗಿ ಕಚ್ಚಿ ಹಿಡಿಯುತ್ತದೆ. ಮಗನಿಗೆ ದುಬಾರಿಯದ್ದು ಬೇಡವೇ ಬೇಡ. ಹನ್ನೆರಡು ವರ್ಷದ ಹುಡುಗನ ಕಾಲು ಮುಂದಿನ ಜುಲೈಗೆ ಇದೇ ಸೈಜಿನಲ್ಲಿ ಇರುವುದಿಲ್ಲ. ಹಾಗಂತ ಮುಂದಿನ ವರ್ಷಕ್ಕೂ ಆಗಲಿ ಅಂತ ಎರಡು ಸೈಜು ದೊಡ್ಡದು ತಂದುಬಿಡಬೇಡಿ. ನಾವು ಕನ್ನಡದವರು ಸ್ಕೂಲ್ ಶೂ ತರುವಾಗ ಮಾಡುವ ಜಾಣತನ ಅದು, ಗುಡ್ಡದಲ್ಲಿ ನಡೆಯುವುದಿಲ್ಲ.

ಹೊಸ ಶೂ ತಂದು ನೇರ ರಾಜಗಡಕ್ಕೆ ಹೋಗಬೇಡಿ. ಈಗಲೇ ತಂದು ಎರಡು ಮೂರು ವಾರ ಹಾಕಿ ಓಡಾಡಿ. ಒಂದು ಭಾನುವಾರ ಪುಣೆಯೊಳಗಿನ ವೇತಾಳ ಟೇಕಡಿ ಗುಡ್ಡ ಸುತ್ತಿ. ಇನ್ನೊಂದು ಭಾನುವಾರ ಸಿಂಹಗಡವನ್ನು ಈ ಸಲ ಕಾರು ಬಿಟ್ಟು ಬುಡದ ಅತಕರವಾಡಿಯಿಂದ ಹತ್ತಿ. ಎಲ್ಲಿ ಉಜ್ಜುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಮೇಲೆ ಮಡಕೆ ಮೊಸರು, ಪಿಠಲ ಭಾಕರಿ ಸಿಗುತ್ತದೆ, ಮಗನೂ ತಕರಾರು ಮಾಡುವುದಿಲ್ಲ.

ಮನೆಯಲ್ಲಿ ಹಳೇ ಟ್ರೆಕಿಂಗ್ ಶೂ ಇದೆ, ಅದೇ ಸಾಕು ಅಂತ ಯಾರಾದರೂ ಅಂದರೆ ನನ್ನ ಕಥೆ ಹೇಳಿ. ನಾನು ಸಾಗರದ ಕಡೆಯವನು, ಇಪ್ಪತ್ತು ವರ್ಷ ದಾಟಿತು ಪುಣೆಗೆ ಬಂದು. ಒಂದು ಸಲ ರಾಜಗಡದಿಂದ ಪಕ್ಕದ ತೋರಣಾ ಕೋಟೆಗೆ ಹೋಗುವ ಏಣಿನ ಮೇಲೆ ನಡೆಯುತ್ತಿದ್ದೆ. ಕಾಲಲ್ಲಿದ್ದದ್ದು ಒಳ್ಳೇ ಬೆಲೆಯ ಶೂ. ಐದಾರು ವರ್ಷ ಅಟ್ಟದ ಮೇಲೆ ಡಬ್ಬದಲ್ಲಿ ಇಟ್ಟಿದ್ದೆ, ಮೂರೇ ಸಲ ಹಾಕಿದ್ದೆ. ರಾಜಗಡದ ಸಂಜೀವನಿ ಮಾಚಿ (ಮಾಚಿ ಅಂದರೆ ಗಡದ ನೆತ್ತಿಯ ಕೆಳಗೆ ಚಾಚಿಕೊಂಡ ಸಮತಟ್ಟು ಭಾಗ) ಇಳಿದು ಒಂದು ಗಂಟೆ ಆಗಿತ್ತು. ಎಡಗಾಲಲ್ಲಿ ಪಟಪಟ ಸದ್ದು. ನೋಡಿದರೆ ಅಡಿ ಬಾಯಿ ಬಿಟ್ಟುಕೊಂಡಿದೆ. ಮೊಸಳೆಯ ಹಾಗೆ. ಹತ್ತು ನಿಮಿಷದಲ್ಲಿ ಬಲಗಾಲಿನದ್ದೂ ಹಾಗೇ ಆಯಿತು. ಮುಟ್ಟಿದರೆ ಒಳಗಿನ ಮೆತ್ತೆ ಹಳೇ ಕೇಕಿನ ಹಾಗೆ ಪುಡಿಪುಡಿ. ಗೆಳೆಯನ ಬ್ಯಾಗಿನಲ್ಲಿದ್ದ ನೈಲಾನ್ ಹಗ್ಗ ತುಂಡು ಮಾಡಿ ಎರಡೂ ಶೂಗಳನ್ನು ಹೊರೆ ಕಟ್ಟಿದ ಹಾಗೆ ಕಟ್ಟಿಕೊಂಡು ತೋರಣಾ ಮುಟ್ಟಿದೆ. ಅಲ್ಲಿಂದ ಬುಡದ ವೇಲ್ಹೆ ಊರಿಗೆ ಇಳಿಯುವಷ್ಟರಲ್ಲಿ ಮೂರು ಸಲ ಹಗ್ಗ ಬದಲಿಸಬೇಕಾಯಿತು.

ಆಮೇಲೆ ತಿಳಿದುಕೊಂಡೆ, ತಪ್ಪು ಕಂಪನಿಯದ್ದಲ್ಲ. ಎಷ್ಟೋ ಶೂಗಳ ನಡುವಿನ ಮೆತ್ತೆಯನ್ನು ಪಾಲಿಯುರೆಥೇನ್‌ನಿಂದ ಮಾಡಿರುತ್ತಾರೆ. ಗಾಳಿಯ ತೇವ ಅದನ್ನು ಒಳಗೊಳಗೇ ಮುರಿಯುತ್ತಾ ಹೋಗುತ್ತದೆ. ಹಾಕಿ ನಡೆಯುತ್ತಿದ್ದರೆ ತಡವಾಗುತ್ತದೆ, ಡಬ್ಬದಲ್ಲಿ ಇಟ್ಟರೆ ಬೇಗ ಕೆಡುತ್ತದೆ. ಮೇಲಿನಿಂದ ಹೊಸದರ ಹಾಗೇ ಕಾಣುತ್ತದೆ. ಹೊರಡುವ ಹಿಂದಿನ ವಾರ ಹಳೇ ಶೂ ಹಿಡಿದು ಅಡಿಯನ್ನು ಎರಡೂ ಕೈಯಲ್ಲಿ ಬಗ್ಗಿಸಿ ನೋಡಿ. ಪಕ್ಕದಲ್ಲಿ ಸಣ್ಣ ಬಿರುಕು ಕಂಡರೂ ಬೇಡ. ಅವತ್ತಿನಿಂದ ನನ್ನ ಬ್ಯಾಗಿನಲ್ಲಿ ಎರಡು ಮೀಟರ್ ನೈಲಾನ್ ದಾರ, ನಾಲ್ಕು ಪ್ಲಾಸ್ಟಿಕ್ ಕೇಬಲ್ ಟೈ ಯಾವಾಗಲೂ ಇರುತ್ತವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ, ಕಾಸಿನ ಲೆಕ್ಕವೇ ಅಲ್ಲ.

ಸಾಕ್ಸ್ ಎರಡು ಜೊತೆ. ಹತ್ತಿಯದ್ದಲ್ಲ, ಸಿಂಥೆಟಿಕ್ ಅಥವಾ ಉಣ್ಣೆ ಬೆರೆತದ್ದು. ಒಂದು ಜೊತೆ ಕಾಲಲ್ಲಿ, ಇನ್ನೊಂದು ಬ್ಯಾಗಿನಲ್ಲಿ.

ಈಗ ಬಟ್ಟೆ. ನೀವು ಏನು ಹಾಕಿಕೊಂಡರೂ ಸರಿ, ಜೀನ್ಸ್ ಮಾತ್ರ ಬೇಡ. ನಂಬಿಕೆ ಬರದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಅಡುಗೆಮನೆಯ ತಕ್ಕಡಿ ಮೇಲೆ ಒಣ ಜೀನ್ಸ್ ಇಡಿ, ತೂಕ ಬರೆದುಕೊಳ್ಳಿ. ನೀರಲ್ಲಿ ಅದ್ದಿ, ಕೈಯಲ್ಲಿ ಹಿಂಡಿ, ಮತ್ತೆ ಇಡಿ. ಯಜಮಾನರ ಟ್ರ್ಯಾಕ್ ಪ್ಯಾಂಟನ್ನೂ ಹಾಗೇ ತೂಗಿ. ಎರಡೂ ನೀರು ಕುಡಿಯುವುದರಲ್ಲಿ ಎಷ್ಟು ವ್ಯತ್ಯಾಸ ಅಂತ ಕಣ್ಣಿಗೇ ಕಾಣುತ್ತದೆ. ಆ ಹೆಚ್ಚಿನ ತೂಕವನ್ನೆಲ್ಲ ಮಂಡಿ ಎತ್ತಬೇಕು, ಪ್ರತಿ ಮೆಟ್ಟಿಲಿಗೂ.

ತೂಕಕ್ಕಿಂತ ದೊಡ್ಡ ತೊಂದರೆ ಚಳಿ. ಹತ್ತಿ ಬಟ್ಟೆ ನೀರನ್ನು ಹಿಡಿದಿಟ್ಟುಕೊಂಡು ಮೈಗೆ ಅಂಟಿಕೊಳ್ಳುತ್ತದೆ. ಆ ನೀರು ಆರುವಾಗ ಮೈಯ ಬಿಸಿಯನ್ನೇ ತೆಗೆದುಕೊಂಡು ಹೋಗುತ್ತದೆ. ಮಡಕೆಯ ನೀರು ತಣ್ಣಗಾಗುವುದೂ ಹೀಗೇ ತಾನೆ. ಹತ್ತುವಾಗ ಮೈ ಬೆಚ್ಚಗಿರುತ್ತದೆ, ಗೊತ್ತಾಗುವುದಿಲ್ಲ. ಪದ್ಮಾವತಿ ಮಾಚಿಗೆ ಬಂದು ಬುತ್ತಿ ಬಿಚ್ಚಿ ಕೂತಿರೋ, ಗಾಳಿ ಶುರುವಾಗುತ್ತದೆ. ಹತ್ತು ನಿಮಿಷದಲ್ಲಿ ಹಲ್ಲು ಕಟಕಟ. ಪುಣೆಯಲ್ಲಿ ಎಂಥ ಚಳಿ ಸಾರ್ ಅಂತ ನಗುತ್ತಾ ಬಂದವರು ಗಡಗಡ ನಡುಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒದ್ದೆ ಮೈ, ಜೋರು ಗಾಳಿ, ಖಾಲಿ ಹೊಟ್ಟೆ ಮೂರೂ ಸೇರಿದರೆ ಇಪ್ಪತ್ತು ಡಿಗ್ರಿ ಸಾಕು, ದೇಹದ ಬಿಸಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮಕ್ಕಳಿಗೆ ಇನ್ನೂ ಬೇಗ. ಮಗ ಮಾತು ಕಡಿಮೆ ಮಾಡಿದರೆ, ಸುಮ್ನೆ ಎಡವುತ್ತಿದ್ದರೆ, ಅದು ಬರೀ ಸುಸ್ತು ಅಂದುಕೊಳ್ಳಬೇಡಿ. ಒದ್ದೆ ಬಟ್ಟೆ ತೆಗೆಸಿ, ಒಣಗಿದ್ದು ಹಾಕಿಸಿ, ಸಿಹಿ ತಿನ್ನಿಸಿ, ಇಳಿಯಲು ಶುರು ಮಾಡಿ.

ಆದ್ದರಿಂದ ಮೇಲೆ ಒಂದು ಪೂರ್ಣ ತೋಳಿನ ಸಿಂಥೆಟಿಕ್ ಟೀಶರ್ಟ್. ಕ್ರಿಕೆಟ್ ಆಡುವ ಹುಡುಗರು ಹಾಕುವಂಥದ್ದು ಸಾಕು. ಕೆಳಗೆ ಬೇಗ ಒಣಗುವ ಟ್ರ್ಯಾಕ್ ಪ್ಯಾಂಟ್. ತೋಳು ಪೂರ್ತಿ ಇರಲಿ ಅನ್ನುವುದು ಮಳೆಗಾಗಿ ಅಲ್ಲ, ದಾರಿಯ ಎರಡೂ ಕಡೆ ಎದೆಯೆತ್ತರ ಬೆಳೆದ ಹುಲ್ಲು, ಕಾರವಿ ಗಿಡಗಳ ಕಡ್ಡಿ ಕೈಯೆಲ್ಲ ಗೀಚುತ್ತವೆ. ನೀವು ಸಲ್ವಾರ್ ಹಾಕುವುದಾದರೆ ದುಪಟ್ಟಾ ಕಾರಲ್ಲೇ ಬಿಡಿ. ಒಳಬಟ್ಟೆಯೂ ಹತ್ತಿಯದ್ದು ಬೇಡ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಇಳಿಯುವಾಗ ಎಲ್ಲರೂ ಕಾಲು ಅಗಲ ಮಾಡಿಕೊಂಡು ನಡೆಯುತ್ತಾರೆ. ಬೆಳಗ್ಗೆ ತೊಡೆಸಂದಿಗೆ, ಹಿಮ್ಮಡಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಿಕೊಂಡರೆ ಆ ಪಾಡು ಇಲ್ಲ. ಸೆಂಟು ಹಾಕಿಕೊಳ್ಳಬೇಡಿ. ಗಡಗಳ ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಗಾಢ ವಾಸನೆ, ಹೊಗೆ, ಗದ್ದಲ ಮೂರೂ ಅವಕ್ಕೆ ಆಗುವುದಿಲ್ಲ.

ಮಳೆಗೆ ಏನು? ಪಾಂಚೋ ಬೇಡ ಅನ್ನುತ್ತೇನೆ. ಊರಲ್ಲಿ ಚೆನ್ನಾಗಿರುತ್ತದೆ, ಬ್ಯಾಗ್ ಸಮೇತ ಮುಚ್ಚುತ್ತದೆ. ಆದರೆ ಮಾಚಿಯ ಮೇಲೆ ಗಾಳಿ ಬಂತೋ, ಅದು ಹಾಯಿಯ ಹಾಗೆ ಉಬ್ಬಿ ಮುಖಕ್ಕೆ ಬಂದು ಬಡಿಯುತ್ತದೆ. ಬಂಡೆ ಹತ್ತುವಾಗ ಕಾಲು ಎಲ್ಲಿಡುತ್ತೀರಿ ಅಂತ ಕಾಣುವುದೇ ಇಲ್ಲ. ಸೊಂಟದ ಕೆಳಗೆ ಸ್ವಲ್ಪ ಇಳಿಯುವ, ಟೋಪಿ ಇರುವ ಜಾಕೆಟ್ ಒಳ್ಳೆಯದು. ಮಳೆ ಶುರುವಾದೊಡನೆ ರಸ್ತೆ ಬದಿಯಲ್ಲಿ ನೇತುಹಾಕಿ ಮಾರುವ ವಿಂಡ್‌ಚೀಟರ್ ಮಳೆ ಜಾಕೆಟ್ ಅಲ್ಲ, ಹೆಸರೇ ಹೇಳುವ ಹಾಗೆ ಗಾಳಿ ತಡೆಯುವುದು ಅಷ್ಟೇ.

ಜಾಕೆಟ್ ಕೊಳ್ಳುವಾಗ ಚೀಟಿಯಲ್ಲಿ 2,000 ಮಿ.ಮೀ., 5,000 ಮಿ.ಮೀ. ಅಂತ ಬರೆದಿರುತ್ತದೆ. ಅರ್ಥ ಇಷ್ಟೇ: ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋದರೆ ಎಷ್ಟು ಎತ್ತರದ ನೀರಿನ ಭಾರಕ್ಕೆ ಅದು ಸೋರಲು ಶುರುಮಾಡುತ್ತದೆ ಅನ್ನುವ ಅಳತೆ. ಮಳೆಹನಿಗೆ ಕಡಿಮೆಯದ್ದೂ ಸಾಕು. ಆದರೆ ಬ್ಯಾಗಿನ ಪಟ್ಟಿ ಹೆಗಲನ್ನು ಒತ್ತುವ ಜಾಗದಲ್ಲಿ ನೀರಿಗೆ ಜಾಸ್ತಿ ಒತ್ತಡ ಸಿಗುತ್ತದೆ, ಮೊದಲು ಸೋರುವುದು ಅಲ್ಲೇ. ಆ ಸಂಖ್ಯೆಗಿಂತ ಮುಖ್ಯವಾದದ್ದನ್ನು ನೋಡಲು ಜಾಕೆಟ್ ಒಳಹೊರಗು ಮಾಡಿ. ಹೊಲಿಗೆ ಇರುವ ಕಡೆಯೆಲ್ಲ ತೆಳು ಟೇಪ್ ಅಂಟಿಸಿರಬೇಕು. ಟೇಪ್ ಇಲ್ಲದಿದ್ದರೆ ಸೂಜಿಯ ಒಂದೊಂದು ತೂತೂ ಒಂದು ನಲ್ಲಿ. ಕಂಕುಳಲ್ಲಿ ಜಿಪ್ ಅಥವಾ ಜಾಲರಿ ಇದ್ದರೆ ಇನ್ನೂ ಒಳ್ಳೆಯದು, ಬೆವರಿನ ಸೆಕೆ ಹೋಗಲು ದಾರಿ ಬೇಕಲ್ಲ. ಹತ್ತುವಾಗ ಸಣ್ಣ ಮಳೆಯಿದ್ದರೆ ನಾನಂತೂ ಜಾಕೆಟ್ ಹಾಕುವುದೇ ಇಲ್ಲ. ನೆನೆಯುತ್ತಾ ಹತ್ತುತ್ತೇನೆ, ಮೇಲೆ ಗಾಳಿಗೆ ನಿಲ್ಲುವ ಮೊದಲು ಹಾಕುತ್ತೇನೆ.

ನಮ್ಮ ಮಲೆನಾಡಿನಲ್ಲಿ ಗದ್ದೆ ಕೆಲಸದವರು ಕಂಬಳಿಕೊಪ್ಪೆ ಹಾಕಿಕೊಂಡು ಇಡೀ ದಿನ ಮಳೆಯಲ್ಲಿ ನಿಲ್ಲುತ್ತಿದ್ದರು. ಕಂಬಳಿ ಒದ್ದೆಯಾಗುತ್ತಿತ್ತು, ಭಾರವೂ ಆಗುತ್ತಿತ್ತು, ಆದರೆ ಒಳಗೆ ಬೆಚ್ಚಗೇ ಇರುತ್ತಿತ್ತು. ಉಣ್ಣೆಯ ಗುಣ ಅದು, ನೆನೆದರೂ ಪೂರ್ತಿ ಕೈಬಿಡುವುದಿಲ್ಲ. ಕಂಬಳಿ ಹೊತ್ತು ರಾಜಗಡ ಹತ್ತಿ ಅನ್ನುವುದಿಲ್ಲ. ಆದರೆ ಮನೆಯಲ್ಲಿ ತೆಳುವಾದ ಉಣ್ಣೆ ಸ್ವೆಟರ್ ಅಥವಾ ಫ್ಲೀಸ್ ಇದ್ದರೆ ತಲಾ ಒಂದು ಇಟ್ಟುಕೊಳ್ಳಿ. ಕೊಳ್ಳುವುದು ಬೇಡ.

ಆ ಸ್ವೆಟರ್, ಒಂದು ಒಣ ಟೀಶರ್ಟ್, ಒಂದು ಜೊತೆ ಸಾಕ್ಸ್. ಈ ಮೂರು ಇಡೀ ದಿನ ಒಣಗಿರಬೇಕು. ವಾರಕರಿಗಳ ಪ್ಲಾಸ್ಟಿಕ್ ಈಗ ಬಂತು. ಬ್ಯಾಗಿನ ಮೇಲೆ ಹಾಕುವ ರೇನ್ ಕವರ್ ನಂಬಬೇಡಿ. ಬೆನ್ನಿನ ಕಡೆಯಿಂದ ನೀರು ಇಳಿದು ಬ್ಯಾಗಿನ ತಳದಲ್ಲಿ ನಿಲ್ಲುತ್ತದೆ. ಬದಲು ಬ್ಯಾಗಿನ ಒಳಗೇ ಒಂದು ದಪ್ಪ ದೊಡ್ಡ ಪ್ಲಾಸ್ಟಿಕ್ ಚೀಲ ಹರಡಿ, ಎಲ್ಲವನ್ನೂ ಅದರೊಳಗೆ ತುಂಬಿ, ಬಾಯಿ ತಿರುಚಿ ಮಡಚಿ. ಗೊಬ್ಬರದ ಚೀಲದ ಒಳಪದರ ತೊಳೆದಿಟ್ಟದ್ದಿದ್ದರೆ ಅದಕ್ಕಿಂತ ಗಟ್ಟಿ ಇನ್ನೊಂದಿಲ್ಲ. ಒಣ ಬಟ್ಟೆಯನ್ನು ಮತ್ತೊಂದು ಚಿಕ್ಕ ಚೀಲದಲ್ಲಿ ಕಟ್ಟಿ. ಫೋನು, ದುಡ್ಡು, ಕಾರಿನ ಕೀಲಿ ಜಿಪ್ ಪೌಚಿನಲ್ಲಿ. ಈಗಿನ ಕಾರಿನ ಕೀಲಿಗೆ ನೀರು ಹೋದರೆ ಅದು ಕೆಲಸ ಮಾಡದೇ ಹೋಗಬಹುದು. ಗಡದ ಬುಡದ ಗುಂಜವಣೆ ಹಳ್ಳಿಯಲ್ಲಿ ಸಂಜೆ ಆರು ಗಂಟೆಗೆ ಆ ಪಜೀತಿ ಯಾಕೆ?

50 ಲೀಟರಿನ ಬ್ಯಾಗ್ ಒಂದು ದಿನಕ್ಕೆ ಬೇಡ. 25ರಿಂದ 30 ಲೀಟರ್ ಧಾರಾಳ. ದೊಡ್ಡ ಬ್ಯಾಗ್ ತಂದರೆ ಜಾಗ ಇದೆಯಲ್ಲ ಅಂತ ತುಂಬುತ್ತಾ ಹೋಗುತ್ತೀರಿ. ಲ್ಯಾಪ್‌ಟಾಪ್ ಬ್ಯಾಗ್ ಆದರೂ ನಡೆಯುತ್ತದೆ, ಎದೆಗೆ ಅಥವಾ ಸೊಂಟಕ್ಕೆ ಕಟ್ಟುವ ಪಟ್ಟಿ ಇದ್ದರೆ. ಒಂದೇ ಹೆಗಲಿಗೆ ನೇತಾಡುವ ಚೀಲ ಬೇಡ, ಬಂಡೆ ಹತ್ತುವಾಗ ಪಕ್ಕಕ್ಕೆ ಎಳೆಯುತ್ತದೆ. ಮಗನ ಬೆನ್ನಿಗೆ ಅವನ ನೀರು, ಅವನ ಜಾಕೆಟ್, ಒಂದು ಬಿಸ್ಕೆಟ್ ಪೊಟ್ಟಣ. ಅಷ್ಟೇ.

ನೀರು ತಲಾ ಎರಡು ಲೀಟರ್, ಸಾದಾ ಬಾಟಲಿಯಲ್ಲಿ. ಬ್ಲಾಡರ್ ಚೆನ್ನಾಗಿರುತ್ತದೆ, ತೊಳೆಯುವುದು ಬೇಸರ. ಮಳೆಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಬೆವರು ಮಾತ್ರ ಹೋಗುತ್ತಲೇ ಇರುತ್ತದೆ. ಇಳಿಯುವಾಗ ಮೀನಖಂಡ ಸೆಡೆದುಕೊಳ್ಳಲು ಇದೂ ಒಂದು ಕಾರಣ. ಓಆರ್‌ಎಸ್ ಪೊಟ್ಟಣ ಮೂರು ಇರಲಿ. 20.5 ಗ್ರಾಮಿನ ಪೂರ್ತಿ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು. ರುಚಿ ನೋಡಿ ನೀರು ಹೆಚ್ಚು ಕಡಿಮೆ ಮಾಡಬೇಡಿ. ಇನ್ನು ಬುತ್ತಿ ಬಗ್ಗೆ ಹುಬ್ಬಳ್ಳಿಯವರಿಗೆ ನಾನು ಹೇಳುವುದೇನಿದೆ! ಕಟಕ ರೊಟ್ಟಿ ಮಳೆಗಾಳಿಗೆ ಮೆತ್ತಗಾಗುತ್ತದೆ, ಗಾಳಿಯಾಡದ ಡಬ್ಬದಲ್ಲಿ ಇಡಿ. ಚಪಾತಿಗೆ ಶೇಂಗಾ ಹಿಂಡಿ, ಬೆಲ್ಲ ಹಚ್ಚಿ ಸುರುಳಿ ಸುತ್ತಿದರೆ ನಡೆಯುತ್ತಲೇ ತಿನ್ನಬಹುದು. ಶೇಂಗಾ ಚಿಕ್ಕಿ ಜೇಬಿನಲ್ಲೇ ಇರಲಿ, ಬ್ಯಾಗಿನ ತಳದಲ್ಲಿದ್ದರೆ ಮಳೆಯಲ್ಲಿ ಯಾರೂ ತೆಗೆಯುವುದಿಲ್ಲ.

ಕಾರ್ಬನ್ ಸ್ಟಿಕ್ ಬೇಡ. ಬಂಡೆ ಸಂದಿಯಲ್ಲಿ ಸಿಕ್ಕಿ ಅಡ್ಡ ಒತ್ತಿದರೆ ಪಟ್ಟನೆ ಮುರಿಯುತ್ತದೆ. ಅಲ್ಯೂಮಿನಿಯಂ ಆದರೆ ಬಾಗುತ್ತದೆ, ಮನೆಗೆ ಬಂದು ನೆಟ್ಟಗೆ ಮಾಡಬಹುದು. ತಲಾ ಒಂದು ಸಾಕು. ಗುಂಜವಣೆಯಿಂದ ಚೋರ್ ದರವಾಜಾಕ್ಕೆ (ಗಡದ ಕಳ್ಳಬಾಗಿಲು) ಹತ್ತುವ ಕೊನೆಯ ಬಂಡೆಯಲ್ಲಿ ಕಂಬಿ ಹಿಡಿಯಲು ಎರಡೂ ಕೈ ಬೇಕು. ಅಲ್ಲಿ ಕೋಲು ಮಡಚಿ ಬ್ಯಾಗಿಗೆ ಸಿಕ್ಕಿಸಿ. ನಿಜ ಹೇಳಬೇಕೆಂದರೆ ಮೊದಲ ಸಲ, ಅದೂ ಹುಡುಗನ ಜೊತೆ, ಮಳೆಯಲ್ಲಿ ಹೋಗುವವರು ಪಾಲಿ ಹಳ್ಳಿಯ ಕಡೆಯಿಂದ ಹತ್ತುವುದು ಒಳ್ಳೆಯದು. ಅದು ರಾಜಮಾರ್ಗ, ಅಗಲವಾದ ಮೆಟ್ಟಿಲುಗಳಿವೆ. ಗಡ ಅದೇ, ನೋಟವೂ ಅದೇ.

ಕಂಪಾಸ್, ಕೈಗವಸು ಬಿಡಿ. ಉಂಬಳದ ಸಾಕ್ಸ್ ಬಗ್ಗೆ ಮಾತ್ರ ನಗು ಬಂತು. ನಮ್ಮೂರ ಕಾಡಿನಲ್ಲಿ ಐದು ನಿಮಿಷ ನಿಂತರೆ ಹತ್ತು ಉಂಬಳ ಹತ್ತುತ್ತವೆ. ಇಷ್ಟು ವರ್ಷದಲ್ಲಿ ರಾಜಗಡ, ಸಿಂಹಗಡಗಳಲ್ಲಿ ನನಗೆ ಒಂದೂ ಕಚ್ಚಿಲ್ಲ. ಕುದುರೆಮುಖದ ಕಡೆ ಹೋಗುವಾಗ ತಗೊಳ್ಳಿ.

ಪಟ್ಟಿಯಲ್ಲಿ ಇಲ್ಲದ, ಇರಲೇಬೇಕಾದ ಎರಡು ಸಾಮಾನು ಇವೆ. ಒಂದು, ತಲೆಗೆ ಕಟ್ಟುವ ಟಾರ್ಚು. ಸಂಜೆ ವಾಪಸ್ ಅಂತ ಹೊರಟವರೇ ಕತ್ತಲಲ್ಲಿ ಇಳಿಯುವುದು. ಜುಲೈನಲ್ಲಿ ಮೋಡ ಕವಿದರೆ ಕಾಡಿನೊಳಗೆ ಆರೂವರೆಗೇ ಕತ್ತಲು. ಫೋನಿನ ಟಾರ್ಚು ಹಿಡಿದರೆ ಒಂದು ಕೈ ಹೋಯಿತು, ಬ್ಯಾಟರಿಯೂ ಹೋಯಿತು. ಇಬ್ಬರಿಗೆ ಒಂದಾದರೂ ಇರಲಿ. ಬ್ಯಾಗಿನೊಳಗೆ ತಾನೇ ಆನ್ ಆಗದಂತೆ ಒಂದು ಸೆಲ್ ಹೊರಗೆ ತೆಗೆದಿಡಿ. ಇನ್ನೊಂದು, ಸೀಟಿ. ಮಂಜು ಕವಿದಾಗ ಹತ್ತು ಹೆಜ್ಜೆ ಮುಂದಿರುವವರೂ ಕಾಣುವುದಿಲ್ಲ, ಕೂಗು ಗಾಳಿಯಲ್ಲಿ ಹಾರಿಹೋಗುತ್ತದೆ. ಮಗನ ಕೊರಳಿಗೆ ಒಂದು ಹಾಕಿ, ಆಟಕ್ಕೆ ಊದಬಾರದು ಅಂತ ಹೇಳಿ. ಇದರ ಜೊತೆ ಒಂದು ಕ್ರೇಪ್ ಬ್ಯಾಂಡೇಜ್, ಗುಳ್ಳೆಗೆ ಅಂಟಿಸಲು ಅಗಲ ಪ್ಲಾಸ್ಟರ್, ನಿಮ್ಮ ನಿಮ್ಮ ದಿನದ ಮಾತ್ರೆ. ಎರಡನೇ ಶನಿವಾರದ ಹಿಂದಿನ ಸಂಜೆ ಹವಾಮಾನ ಇಲಾಖೆಯ ಸೂಚನೆ ನೋಡಿ. ಪುಣೆ ಘಾಟಿಗೆ ಕೆಂಪೋ ಕಿತ್ತಳೆಯೋ ಎಚ್ಚರಿಕೆ ಬಂದಿದ್ದರೆ ಮುಂದಿನ ವಾರಕ್ಕೆ ಹಾಕಿ. ಅಂಥ ಮಳೆಗೆ ಯಾವ ಸಾಮಾನೂ ಇಲ್ಲ.

ಲೆಕ್ಕ ಹಾಕಿದರೆ ಕೊಳ್ಳಬೇಕಾದದ್ದು ಮೂರು ಜೊತೆ ಶೂ, ಸಾಕ್ಸ್, ಮೂರು ಜಾಕೆಟ್, ಎರಡು ಟಾರ್ಚು, ಬೇಕಿದ್ದರೆ ಕೋಲು. ಯಜಮಾನರ ಮೊತ್ತದಲ್ಲಿ ಅರ್ಧಕ್ಕೂ ಹೆಚ್ಚು ಉಳಿಯುತ್ತದೆ. ಜಾಕೆಟ್ಟನ್ನು ಸೊಸೈಟಿಯಲ್ಲಿ ಯಾರ ಹತ್ತಿರವಾದರೂ ಎರವಲು ಕೇಳಬಹುದು. ಶೂ ಮಾತ್ರ ಎರವಲು ಬೇಡ, ಇನ್ನೊಬ್ಬರ ಪಾದದ ಆಕಾರಕ್ಕೆ ಅದು ಬಗ್ಗಿರುತ್ತದೆ.

ಕಾರಿನ ಡಿಕ್ಕಿಯಲ್ಲಿ ಮೂವರಿಗೂ ಒಂದೊಂದು ಪೂರ್ತಿ ಜೊತೆ ಬಟ್ಟೆ, ಟವೆಲ್, ಚಪ್ಪಲಿ, ಸೀಟಿಗೆ ಹಾಸಲು ಹಳೇ ಬೆಡ್‌ಶೀಟ್ ಇಟ್ಟಿರಿ. ಮನೆಗೆ ಬಂದ ಮೇಲೆ ಶೂಗಳ ಕೆಸರು ತೊಳೆದು, ಒಳಗಿನ ಮೆತ್ತೆ ತೆಗೆದು, ಹಳೇ ನ್ಯೂಸ್‌ಪೇಪರ್ ಉಂಡೆ ಮಾಡಿ ತುರುಕಿ. ಎರಡು ಗಂಟೆ ಬಿಟ್ಟು ಆ ಪೇಪರ್ ತೆಗೆದು ಹೊಸದು ತುರುಕಿ. ಮಲಗುವ ಮುಂಚೆ ಇನ್ನೊಮ್ಮೆ. ಫ್ಯಾನಿನ ಕೆಳಗಿಟ್ಟರೆ ಎರಡು ದಿನಕ್ಕೆ ಒಣಗುತ್ತದೆ. ಹೇರ್ ಡ್ರೈಯರ್ ಹಿಡಿಯಬೇಡಿ, ಗ್ಯಾಸ್ ಒಲೆ ಪಕ್ಕ ಇಡಬೇಡಿ, ಅಂಟು ಬಿಡುತ್ತದೆ. ಆಮೇಲೆ ಅಟ್ಟಕ್ಕೆ ಹಾಕದೆ ಆಗಾಗ ವಾಕಿಂಗಿಗೆ ಹಾಕಿಕೊಂಡು ಹೋಗಿ.